ಹುಲಿಗೆ ಲೆಕ್ಕವಿದೆ, ಹಾಡುಹಕ್ಕಿಗೆ ಹೆಸರಾದರೂ ಬೇಡವೇ?



ಜುಲೈ 29 ಬಂದರೆ ವಿಶ್ವ ಹುಲಿ ದಿನ. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಈ ಎರಡು ಸಂದರ್ಭಗಳಲ್ಲಿ ನಮ್ಮ ಗಡಿನಾಡ ಶಾಲೆಗಳ ಗೋಡೆಗಳನ್ನು ಒಮ್ಮೆ ನೋಡಿ. ಚಿತ್ರಕಲಾ ಸ್ಪರ್ಧೆಯ ಹಾಳೆಗಳಲ್ಲಿ ಮುಕ್ಕಾಲು ಪಾಲು ಹುಲಿ. ಛದ್ಮವೇಷಕ್ಕೆ ಹುಲಿ. ರಸಪ್ರಶ್ನೆಯಲ್ಲಿ "ನಮ್ಮ ರಾಷ್ಟ್ರಪ್ರಾಣಿ ಯಾವುದು?" ಎಂಬ ಪ್ರಶ್ನೆ. ಭಾಷಣ ಸ್ಪರ್ಧೆಯಲ್ಲಿ ಯಾವ ಮಗು ನಿಂತರೂ ಕೊನೆಯ ಮಾತು ಒಂದೇ: "ಹುಲಿ ಉಳಿದರೆ ಕಾಡು ಉಳಿಯುತ್ತದೆ, ಕಾಡು ಉಳಿದರೆ ಎಲ್ಲವೂ ಉಳಿಯುತ್ತದೆ." ಜೋರು ಚಪ್ಪಾಳೆ, ಸ್ಟೀಲ್ ಲೋಟ ಬಹುಮಾನ, ಜನಗಣಮನ, ಮುಗಿಯಿತು.

ಆ ಕೊನೆಯ ಮಾತಿನ ಬಗ್ಗೆಯೇ ನಮ್ಮ ತಕರಾರು. ಅದರಲ್ಲಿ ಅರ್ಧ ನಿಜವಿದೆ, ಇನ್ನರ್ಧ ನಿಜವಲ್ಲ. ಕೇಳಲು ಚೆನ್ನಾಗಿದೆ ಎಂಬ ಕಾರಣಕ್ಕೆ ಅರ್ಧಸತ್ಯವನ್ನು ಮಕ್ಕಳ ಬಾಯಿಪಾಠ ಮಾಡಿಸುವುದು ಶಾಲೆಯ ಕೆಲಸವಲ್ಲ. ಹುಲಿಯನ್ನು ಒಂದು ಕಡೆ, ಗುಬ್ಬಚ್ಚಿ ಗಾತ್ರದ ಒಂದು ಕಾಡುಹಕ್ಕಿಯನ್ನು ಇನ್ನೊಂದು ಕಡೆ ನಿಲ್ಲಿಸಿ ನೋಡಿದರೆ ಇದು ತಿಳಿಯುತ್ತದೆ. "ಆನೆಗೂ ಆಡಿಗೂ ಹೋಲಿಕೆಯೇ ಮೇಷ್ಟ್ರೇ?" ಎಂದು ನಗುವವರು ನಗಲಿ, ಆದರೆ ಕೊನೆಯವರೆಗೆ ಓದಿ ನಗಲಿ.

ಮೊದಲು ಹಕ್ಕಿಯ ಪರಿಚಯ. ನಮ್ಮ ತಾಳವಾಡಿ ಸೀಮೆಯಿಂದ ಶಾಲಾ ಪ್ರವಾಸವೆಂದರೆ ಊಟಿ. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು ದಾಟಿ ಬಸ್ಸು ನೀಲಗಿರಿ ಹತ್ತುತ್ತದೆ. ಮೇಲೆ ಹೋದರೆ ಎರಡು ಗುಡ್ಡಗಳ ನಡುವಿನ ಕಣಿವೆ ಮಡಿಲಲ್ಲಿ, ನೀರಿನ ಒರತೆ ಇರುವಲ್ಲಿ, ಕುಳ್ಳ ಮರಗಳ ದಟ್ಟ ಕಪ್ಪು ಕಾಡು ಕಾಣುತ್ತದೆ. ಅದರ ಸುತ್ತ ಹಿಂದೆ ಬರೀ ಹುಲ್ಲುಗಾವಲಿತ್ತು. ಈ ಕಾಡೇ ಶೋಲಾ. ಮರದ ತುಂಬಾ ಹಾವಸೆ, ಕೆಳಗೆ ಕೊಳೆತ ತರಗು, ಮಧ್ಯಾಹ್ನವೂ ಮಬ್ಬು. ಆ ಮಬ್ಬಿನಲ್ಲಿ ನೆಲದ ಹತ್ತಿರವೇ ಕುಪ್ಪಳಿಸುತ್ತಾ ಹುಳುಹುಪ್ಪಟೆ ಹೆಕ್ಕುವ ಒಂದು ಹಕ್ಕಿ ಇದೆ. ಉದ್ದ ಸುಮಾರು 15 ಸೆಂಟಿಮೀಟರ್. ಮೈ ಸ್ಲೇಟಿನಂಥ ನೀಲಿ, ಪಕ್ಕೆಯಲ್ಲಿ ಇಟ್ಟಿಗೆಗೆಂಪು, ಹೊಟ್ಟೆಯ ನಡುವೆ ಬಿಳುಪು. ಕಣ್ಣಿಗೆ ಬೀಳುವುದು ಅಪರೂಪ, ಆದರೆ ಹಾಡು ಕೇಳಿಸುತ್ತದೆ. ಇದಕ್ಕೆ ಈಗ ನೀಲಗಿರಿ ಶೋಲಾಕಿಳಿ ಎಂದು ಹೆಸರು.

ಈ ಹೆಸರಿನ ಕಥೆಯೂ ಸ್ವಾರಸ್ಯದ್ದು. 1840ರ ದಶಕದಲ್ಲಿ ಮದರಾಸು ಸೇನೆಯ ವೈದ್ಯ ಜೆರ್ಡನ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಆಮೇಲೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಪಂಡಿತರು ಇದನ್ನು ಆ ಕುಲ, ಈ ಕುಲ ಎಂದು ಬೇರೆ ಬೇರೆ ಮನೆಗಳಿಗೆ ದತ್ತು ಕೊಡುತ್ತಾ ಬಂದರು. ಕೊನೆಗೆ 2017ರಲ್ಲಿ ವಿ.ವಿ. ರಾಬಿನ್ ಮತ್ತು ಸಂಗಡಿಗರು ವಂಶವಾಹಿಗಳನ್ನು ಪರೀಕ್ಷಿಸಿ, ಇದು ಬೇರೆ ಯಾರ ಮನೆಯದೂ ಅಲ್ಲ, ನಮ್ಮ ದಕ್ಷಿಣದ ಬೆಟ್ಟಗಳದ್ದೇ ಪ್ರತ್ಯೇಕ ಕುಲ ಎಂದು ತೋರಿಸಿದರು. ಆ ಕುಲಕ್ಕೆ 'ಶೋಲಿಕೋಲಾ' ಎಂದು ಹೆಸರಿಟ್ಟರು. ಶೋಲಾದಲ್ಲಿ ವಾಸಿಸುವುದು ಎಂದು ಅರ್ಥ. 'ಕಿಳಿ' ಎಂದರೆ ಮಲಯಾಳಂನಲ್ಲಿ ಸಣ್ಣ ಹಕ್ಕಿ. ನಮ್ಮ 'ಗಿಳಿ'ಯ ನಂಟ ಪದ, ಆದರೆ ಹಕ್ಕಿ ಗಿಳಿಯಲ್ಲ.

ಈಗ ಹೋಲಿಕೆಗೆ ಬರೋಣ.

ಗಂಡು ಹುಲಿಯ ತೂಕ ಸುಮಾರು 200 ಕಿಲೋ. ಹಕ್ಕಿಯನ್ನು ತೂಗಲು ಅಕ್ಕಸಾಲಿಗರ ತಕ್ಕಡಿ ಬೇಕು. ಇದು ಎಲ್ಲರಿಗೂ ಕಾಣುವ ವ್ಯತ್ಯಾಸ. ಆದರೆ ಅಪಾಯದ ಪಟ್ಟಿಯಲ್ಲಿ ಎರಡೂ ಒಂದೇ ಮೆಟ್ಟಿಲ ಮೇಲೆ ಕುಳಿತಿವೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಹುಲಿಯೂ 'ಅಳಿವಿನಂಚಿನ' ಜೀವಿ, ನೀಲಗಿರಿ ಶೋಲಾಕಿಳಿಯೂ 'ಅಳಿವಿನಂಚಿನ' ಜೀವಿ. ರೋಗಿಗಳಿಬ್ಬರ ಚೀಟಿಯಲ್ಲೂ ಬರೆದಿರುವುದು ಒಂದೇ. ಒಬ್ಬನ ಹಾಸಿಗೆಯ ಸುತ್ತ ವೈದ್ಯರ ದಂಡು, ಇನ್ನೊಬ್ಬನ ಹಾಸಿಗೆ ಯಾವ ವಾರ್ಡಿನಲ್ಲಿದೆ ಎಂದು ಕೇಳುವವರೇ ಇಲ್ಲ.

ಹುಲಿಯ ಸುತ್ತಲಿನ ದಂಡನ್ನೇ ನೋಡಿ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು. ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ನಮ್ಮ ಪಕ್ಕದ ಬಂಡೀಪುರವೂ ಒಂದು. 2007ರಲ್ಲಿ ಮುದುಮಲೈ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟ, 2013ರಲ್ಲಿ ನಮ್ಮದೇ ಸತ್ಯಮಂಗಲ ಆ ಪಟ್ಟಿಗೆ ಸೇರಿದವು. ನಾಲ್ಕು ವರ್ಷಕ್ಕೊಮ್ಮೆ ದೇಶದ ಉದ್ದಗಲಕ್ಕೂ ಕ್ಯಾಮೆರಾ ಕಟ್ಟಿ ಹುಲಿಗಣತಿ ನಡೆಯುತ್ತದೆ. 2006ರ ಅಂದಾಜು 1,411. 2010ರಲ್ಲಿ 1,706, 2014ರಲ್ಲಿ 2,226, 2018ರಲ್ಲಿ 2,967. 2022ರ ಗಣತಿಯ ಸರಾಸರಿ ಅಂದಾಜು 3,682. ತಮಿಳುನಾಡಿನಲ್ಲಿ 2006ರಲ್ಲಿ 76 ಇದ್ದದ್ದು 2022ಕ್ಕೆ 306 ಆಯಿತು. ಹುಲಿಗೆ ಮೈಮೇಲಿನ ಪಟ್ಟೆಯೇ ಗುರುತಿನ ಚೀಟಿ, ಒಂದೊಂದಕ್ಕೂ ನಂಬರು. 2021ರಲ್ಲಿ ಮಸಿನಗುಡಿ, ಗೂಡಲೂರು ಕಡೆ ಟಿ-23 ಎಂಬ ಹುಲಿ ಜನರನ್ನೂ ದನಗಳನ್ನೂ ಕೊಂದಿತೆಂದು ಗಲಾಟೆಯಾದಾಗ ವಿಷಯ ಹೈಕೋರ್ಟಿಗೂ ಹೋಯಿತು. ಮೂರು ವಾರ ಹುಡುಕಿ, ಜೀವಂತ ಹಿಡಿದು, ಚಿಕಿತ್ಸೆಗೆಂದು ಮೈಸೂರಿಗೆ ಸಾಗಿಸಿದರು. ಮರುವರ್ಷ, 2022ರ ಫೆಬ್ರವರಿಯಲ್ಲಿ, ಹೈಕೋರ್ಟಿನ ಆದೇಶದಂತೆ ವನ್ಯಪ್ರಾಣಿಗಳ ರಕ್ಷಣೆಗಾಗಿ ನಮ್ಮ ದಿಂಬಂ ಘಾಟಿಯ ರಾತ್ರಿ ಸಂಚಾರಕ್ಕೇ ತಡೆ ಬಿತ್ತು. ತಾಳವಾಡಿಯ ತರಕಾರಿ ಲಾರಿಗಳು ಪಟ್ಟ ಪಾಡು ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಇದನ್ನೆಲ್ಲ ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹುಲಿ ಉಳಿದದ್ದು ದೊಡ್ಡ ಸಾಧನೆ. ಮಲೆ ಮಹದೇಶ್ವರನ ವಾಹನ ಹುಲಿ. ಪುಣ್ಯಕೋಟಿಯ ಕಥೆಯ ಅರ್ಬುತ ಹುಲಿಯನ್ನು ಕೇಳದೆ ಬೆಳೆದ ಕನ್ನಡದ ಮಗುವಿಲ್ಲ. ಹುಲಿಯಿಲ್ಲದ ಕಾಡು ನಮಗೂ ಬೇಡ. ಹುಲಿಯ ಹೆಸರಿನಲ್ಲಿ ಕಾವಲು ಬಿದ್ದದ್ದರಿಂದಲೇ ಎಷ್ಟೋ ಕಾಡು ಕೊಡಲಿ, ಗಣಿ, ಅಣೆಕಟ್ಟುಗಳಿಂದ ಉಳಿದಿದೆ. ಹುಲಿಯ ಕೊಡೆಯ ಕೆಳಗೆ ಜಿಂಕೆ, ಕಾಟಿ, ಕಡವೆ, ಕೆನ್ನಾಯಿಗಳೂ ಬದುಕಿಕೊಂಡಿವೆ. ಭಾಷಣದ ನಿಜವಾದ ಅರ್ಧ ಇದು.

ನಿಜವಲ್ಲದ ಅರ್ಧ ಯಾವುದು? ಆ ಕೊಡೆ ಎಲ್ಲರ ತಲೆಯ ಮೇಲೂ ಇದೆ ಎಂಬುದು.

ಹುಲಿಗೆ ಬೇಕಾದ್ದು ಬೇಟೆ, ನೀರು, ಅಡಗಲು ಪೊದೆ, ಓಡಾಡಲು ವಿಸ್ತಾರ. ಇಷ್ಟಿದ್ದರೆ ಸೈಬೀರಿಯಾದ ಹಿಮದಲ್ಲೂ ಬದುಕುತ್ತದೆ, ಸುಂದರಬನದ ಉಪ್ಪು ಕೆಸರಿನಲ್ಲೂ ಬದುಕುತ್ತದೆ. ಬಂಡೀಪುರ, ಮುದುಮಲೈ, ಬಿಳಿಗಿರಿರಂಗನ ಬೆಟ್ಟಗಳ ಅಡಿಗಾಡಿನಲ್ಲಿ ಲಾಂಟಾನ ಎಷ್ಟು ಹಬ್ಬಿದೆ ಎಂದು ಅಲ್ಲಿ ಓಡಾಡಿದ ಯಾರನ್ನಾದರೂ ಕೇಳಿ. ಹೊರದೇಶದಿಂದ ಬಂದ ಆ ಪೊದೆಯ ಕೆಳಗೆ ಹುಲ್ಲು ಬರುವುದಿಲ್ಲ, ನಾಟಿ ಮರದ ಸಸಿ ಏಳುವುದಿಲ್ಲ. ಆದರೂ ಇದೇ ವರ್ಷಗಳಲ್ಲಿ ಹುಲಿಯ ಸಂಖ್ಯೆ ಏರಿದೆ. ಅಂದಮೇಲೆ ಹುಲಿಯ ಸಂಖ್ಯೆ ಏರಿದೆ ಎಂದ ಮಾತ್ರಕ್ಕೆ ಕಾಡು ಆರೋಗ್ಯವಾಗಿದೆ ಎಂದು ಹೇಳಲಾಗುತ್ತದೆಯೇ? ತರಗತಿಯ ಒಬ್ಬ ಹುಡುಗ ನೂರಕ್ಕೆ ತೊಂಬತ್ತು ತೆಗೆದರೆ ಇಡೀ ತರಗತಿ ಪಾಸೆಂದು ಫಲಿತಾಂಶ ಬರೆಯುವ ಶಿಕ್ಷಕರು ನಮ್ಮಲ್ಲಿ ಯಾರಿದ್ದಾರೆ?

ಹಕ್ಕಿಗೆ ಅಷ್ಟು ವಿಸ್ತಾರ ಬೇಡ. ಅದಕ್ಕೆ ಬೇಕಾದ್ದು ಶೋಲಾ, ಅದೂ ಎತ್ತರದ ಬೆಟ್ಟಗಳ ತಂಪು ಶೋಲಾ. ಮರದ ಪೊಟರೆಯಲ್ಲೋ ದರೆಯ ಸಂದಿನಲ್ಲೋ ಹಾವಸೆ, ಬೇರು ಸೇರಿಸಿ ಗೂಡು ಕಟ್ಟುತ್ತದೆ. ಪಕ್ಕದ ತೋಟದಲ್ಲಿ ಒಮ್ಮೊಮ್ಮೆ ಕಾಣಿಸಿಕೊಂಡರೂ ಅದರ ನೆಲೆ ಶೋಲಾವೇ. ಹುಲಿ ಒಂದು ರಾತ್ರಿಯಲ್ಲಿ ಚಹಾತೋಟ ದಾಟಿ, ರಸ್ತೆ ದಾಟಿ, ಮೂರು ರಾಜ್ಯಗಳ ಗಡಿ ಕೂಡುವಲ್ಲಿ ಯಾರನ್ನೂ ಕೇಳದೆ ಅಡ್ಡಾಡುತ್ತದೆ. ರೆಕ್ಕೆ ಇರುವ ಈ ಹಕ್ಕಿ ಮಾತ್ರ ಬಿಸಿಲಿನ ಕಣಿವೆ ದಾಟುವುದಿಲ್ಲ. ಪಾಲಕ್ಕಾಡಿನ ಕಣಿವೆ ಸುಮಾರು 30-40 ಕಿಲೋಮೀಟರ್ ಅಗಲ. ಆ ಕಣಿವೆಯ ಉತ್ತರಕ್ಕಿರುವುದು ನೀಲಗಿರಿ ಶೋಲಾಕಿಳಿ, ದಕ್ಷಿಣಕ್ಕಿರುವುದು ಅದರ ಸೋದರ ಜಾತಿ ಬಿಳಿಹೊಟ್ಟೆಯ ಶೋಲಾಕಿಳಿ. ಲಕ್ಷಾಂತರ ವರ್ಷಗಳಿಂದ ನೆಂಟಸ್ತಿಕೆ ಇಲ್ಲದೆ ಎರಡು ಬೇರೆ ಬೇರೆ ಜಾತಿಗಳೇ ಆಗಿಬಿಟ್ಟಿವೆ. ಹುಲಿ ಇಲ್ಲಿ ಅಳಿದರೆ ಬೇರೆ ಕಡೆಯಿಂದ ತಂದು ಬಿಡಬಹುದು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿ ಪೂರ್ತಿ ಅಳಿದಿತ್ತು. 2008ರಿಂದ ರಣಥಂಬೋರಿನ ಹುಲಿಗಳನ್ನು ತಂದು ಬಿಟ್ಟು ಮತ್ತೆ ಸಂಸಾರ ಹೂಡಿಸಿದರು. ಶೋಲಾಕಿಳಿಯನ್ನು ಎಲ್ಲಿಂದ ತರುತ್ತೀರಿ? ನೀಲಗಿರಿ ಮತ್ತು ಅದರ ಉತ್ತರದ ಕೆಲವೇ ಎತ್ತರದ ಬೆಟ್ಟಗಳು ಬಿಟ್ಟರೆ ಭೂಮಿಯ ಮೇಲೆ ಅದಕ್ಕೆ ಬೇರೆ ಊರಿಲ್ಲ.

ಆ ಊರಿಗೆ ಏನಾಯಿತು? ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಊಟಿಯನ್ನು ತಂಪಿನ ಊರು ಮಾಡಿಕೊಂಡಾಗ ಸೌದೆಗೆಂದು ಆಸ್ಟ್ರೇಲಿಯಾದಿಂದ ವ್ಯಾಟಲ್, ನೀಲಗಿರಿ ಮರಗಳನ್ನು ತಂದು ನೆಟ್ಟರು. ಯೂಕಲಿಪ್ಟಸ್ಸಿಗೆ ಕನ್ನಡದಲ್ಲಿ 'ನೀಲಗಿರಿ' ಎಂಬ ಹೆಸರೇ ನಿಂತುಬಿಟ್ಟಿದೆ. ನಿಜವಾದ ನೀಲಗಿರಿಯ ಕಾಡನ್ನು ನುಂಗಿದ ಮರಕ್ಕೇ ನೀಲಗಿರಿಯ ಹೆಸರು! ಜೊತೆಗೆ ಚಹಾ ಬಂತು. ಸ್ವಾತಂತ್ರ್ಯಾನಂತರವೂ ಹುಲ್ಲುಗಾವಲನ್ನು 'ಪಾಳು ಭೂಮಿ' ಎಂದು ಬಗೆದು ನೆಡುತೋಪು ಬೆಳೆಸಿದರು. ವ್ಯಾಟಲ್ ತಾನೇ ತಾನಾಗಿ ಹಬ್ಬಿತು. ಹೀಗೆ ಹುಲ್ಲಿನ ಕಡಲಿನಲ್ಲಿ ದ್ವೀಪಗಳಂತಿದ್ದ ಶೋಲಾಗಳು ಈಗ ಚಹಾ, ವ್ಯಾಟಲ್, ಕಾಟೇಜು, ರಸ್ತೆಗಳ ನಡುವೆ ತುಂಡುತುಂಡಾಗಿ ನಿಂತಿವೆ. 1990ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮುಕುರ್ತಿಯಂಥ ಕಡೆ ಕಾವಲಿದೆ, ಅದು ಸುಮಾರು 78 ಚದರ ಕಿಲೋಮೀಟರ್. ಅಂಥ ಕಾವಲಿನ ಹೊರಗೆ, ತೋಟಗಳ ಮಧ್ಯೆ, ಊರಿನ ಅಂಚಿನಲ್ಲಿ ಉಳಿದ ಪುಟ್ಟ ಶೋಲಾಗಳಲ್ಲಿ ಹುಲಿಯ ಹೆಜ್ಜೆ ಬೀಳದೆ ಹೋದರೆ ಹುಲಿಯ ಕೊಡೆಯೂ ಅಲ್ಲಿ ಬಿಚ್ಚಿಕೊಳ್ಳುವುದಿಲ್ಲ.

ಇದರಿಂದ ನಮಗೇನು ನಷ್ಟ ಎಂದು ಕೇಳುವ ರೈತರಿದ್ದಾರೆ. ಶೋಲಾ ಮತ್ತು ಹುಲ್ಲುಗಾವಲು ಎರಡೂ ಸೇರಿ ಮಳೆಯ ನೀರನ್ನು ಹೀರಿ ನಿಧಾನವಾಗಿ ಬಿಟ್ಟುಕೊಡುವ ಸ್ಪಂಜು. ಭವಾನಿ ಹುಟ್ಟುವುದು ಆ ಬೆಟ್ಟಗಳಲ್ಲಿ, ಮೋಯಾರ್ ಇಳಿದು ಬರುವುದು ಆ ಬೆಟ್ಟಗಳಿಂದ. ಎರಡೂ ಸೇರುವ ಭವಾನಿಸಾಗರ ಇರುವುದು ನಮ್ಮ ಈರೋಡು ಜಿಲ್ಲೆಯಲ್ಲಿ. ಕೆಳಗಿನ ಗದ್ದೆಗಳ ಭತ್ತ, ಅರಿಶಿನ, ಕಬ್ಬು ನಿಂತಿರುವುದು ಆ ನೀರಿನ ಮೇಲೆ. ಶೋಲಾಕಿಳಿ ಹಾಡುತ್ತಿದೆ ಎಂದರೆ ಮೇಲೆ ಶೋಲಾ ಇನ್ನೂ ಇದೆ ಎಂದರ್ಥ. ಹುಲಿ ಘರ್ಜಿಸಿದರೆ ಅಷ್ಟು ಖಚಿತವಾಗಿ ಹೇಳಲಾಗದು.

ಇನ್ನೊಂದು ವಿಷಯ, ಇದು ಭಾಷೆಯ ಶಿಕ್ಷಕರು ಕಿವಿಗೊಡಬೇಕಾದದ್ದು. ಶೋಲಾಕಿಳಿ ಕುಲದ ಹಕ್ಕಿಗಳ ಹಾಡನ್ನು ಧ್ವನಿಮುದ್ರಿಸಿ ವಿಜ್ಞಾನಿಗಳು ಹೋಲಿಸಿದ್ದಾರೆ. ಬಹು ಹಿಂದೆಯೇ ಕಣಿವೆಗಳಿಂದ ಬೇರ್ಪಟ್ಟ ಬೆಟ್ಟಗಳ ಹಕ್ಕಿಗಳ ಹಾಡು ಒಂದು ಬಗೆಯಲ್ಲಿ ಬೇರೆಯಾಗಿದ್ದರೆ, ಇತ್ತೀಚೆಗೆ ಕಾಡು ಕಡಿದದ್ದರಿಂದ ಬೇರ್ಪಟ್ಟ ತುಣುಕುಗಳ ಹಕ್ಕಿಗಳ ಹಾಡು ಇನ್ನೊಂದು ಬಗೆಯಲ್ಲಿ ಬದಲಾಗಿದೆ. ನಡುವಿನ ದಾರಿ ಮುಚ್ಚಿದರೆ ಹಾಡೂ ಬೇರೆಯಾಗುತ್ತದೆ.

ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕೇ? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಇಲ್ಲಿ ಉಳಿಯಿತು. ಅಂದಿನಿಂದ ನಾವು ಕೇಳುತ್ತಿರುವ ಸಮಾಧಾನ ಒಂದೇ: "ಕನ್ನಡಕ್ಕೇನು, ಕೋಟಿಗಟ್ಟಲೆ ಜನರಿದ್ದಾರೆ, ಬೆಂಗಳೂರಿನಲ್ಲಿ ಗಟ್ಟಿಯಾಗಿದೆ, ಗಡಿಯಲ್ಲಿ ತಾನಾಗಿ ಉಳಿಯುತ್ತದೆ." ಉಳಿಯಿತೇ? ಕಾಸರಗೋಡಿನವರನ್ನು ಕೇಳಿ, ಜತ್ತ, ಅಕ್ಕಲಕೋಟೆಯವರನ್ನು ಕೇಳಿ. ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬಂದರೆ, ಕನ್ನಡದ ಪುಸ್ತಕ ಜೂನ್ ತಿಂಗಳಲ್ಲೇ ತಲುಪಿದರೆ, ಮಕ್ಕಳನ್ನು ಸೇರಿಸುವ ತಂದೆತಾಯಿ ಇದ್ದರೆ ಆ ಊರಲ್ಲಿ ಕನ್ನಡ ಉಳಿಯುತ್ತದೆ. ಬೆಂಗಳೂರಿನಲ್ಲಿ ಎಷ್ಟು ಧ್ವಜ ಹಾರಿದರೂ ಆ ಮೂರು ಇಲ್ಲದ ಊರಲ್ಲಿ ಕನ್ನಡ ಉಳಿಯುವುದಿಲ್ಲ. ದೊಡ್ಡದನ್ನು ಉಳಿಸಿದರೆ ಸಣ್ಣದು ತಾನಾಗಿ ಉಳಿಯುತ್ತದೆ ಎಂಬ ಮಾತಿನ ಸುಳ್ಳು ನಮಗೆ ಅನುಭವದಿಂದ ಗೊತ್ತು. ಹಾಗಿರುವಾಗ ಅದೇ ಮಾತನ್ನು ಕಾಡಿನ ವಿಷಯದಲ್ಲಿ ನಮ್ಮ ಮಕ್ಕಳಿಂದಲೇ ಹೇಳಿಸಿ ಚಪ್ಪಾಳೆ ತಟ್ಟುವುದು ಎಂಥ ವಿಪರ್ಯಾಸ!

ಈ ಬರಹವನ್ನು ಎರಡು ಕಡೆಯವರು ತಪ್ಪಾಗಿ ಹಿಡಿಯಬಹುದು, ಅದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇವೆ.

ಹುಲಿ ಯೋಜನೆಯಿಂದ ಬೇಸತ್ತ ನಮ್ಮ ಊರಿನವರು, "ನೋಡಿ, ಮೇಷ್ಟ್ರೇ ಹುಲಿ ಬೇಡ ಅಂದರು" ಎಂದು ಕುಣಿಯಬೇಡಿ. ನಾವು ಹಾಗೆ ಅಂದಿಲ್ಲ. ಹಸು ಕಳೆದುಕೊಂಡವನಿಗೆ ಪರಿಹಾರ ಬೇಗ ಸಿಗಬೇಕು, ರಸ್ತೆಯ ವಿಷಯದಲ್ಲಿ ಊರಿನವರ ಮಾತನ್ನೂ ಕೇಳಬೇಕು, ಅದು ಬೇರೆ ಹೋರಾಟ. ಹುಲಿಯ ಕಾವಲು ತೆಗೆದರೆ ಹಕ್ಕಿಗೆ ಏನೂ ಸಿಗುವುದಿಲ್ಲ, ರೆಸಾರ್ಟಿನವರಿಗೆ ಸಿಗುತ್ತದೆ.

ಇನ್ನೊಂದು ಕಡೆಯವರು ಹೇಳುತ್ತಾರೆ: "ಮಕ್ಕಳಿಗೆ ಆಸಕ್ತಿ ಬರುವುದು ದೊಡ್ಡ ಪ್ರಾಣಿಯಿಂದ. ಹುಲಿ ತೋರಿಸಿದರೆ ಜನ ದುಡ್ಡು ಕೊಡುತ್ತಾರೆ, ಗುಬ್ಬಿ ಗಾತ್ರದ ಹಕ್ಕಿಗೆ ಯಾರು ಕೊಡುತ್ತಾರೆ?" ದುಡ್ಡು ಎತ್ತುವವರ ಮಾತು ಅವರಿಗಿರಲಿ. ಶಾಲೆ ದುಡ್ಡು ಎತ್ತುವ ಜಾಗವಲ್ಲ, ನಿಜ ಕಲಿಸುವ ಜಾಗ. ಮಕ್ಕಳಿಗೆ ಸಣ್ಣದರಲ್ಲಿ ಆಸಕ್ತಿ ಇಲ್ಲ ಎಂಬುದಂತೂ ಶುದ್ಧ ಸುಳ್ಳು. ಬೆಂಕಿಪೊಟ್ಟಣದಲ್ಲಿ ಜೀರುಂಡೆ ಹಿಡಿದು ತರಗತಿಗೆ ತರುವವರು ಯಾರು? ಗುಬ್ಬಚ್ಚಿ ಗೂಡಿನಲ್ಲಿ ಎಷ್ಟು ಮೊಟ್ಟೆ ಇದೆ ಎಂದು ದಿನಾ ಇಣುಕುವವರು ಯಾರು? ಆ ಕುತೂಹಲದ ಮೇಲೆ ಹುಲಿಯ ಚಿತ್ರ ಅಂಟಿಸುವವರು ದೊಡ್ಡವರೇ.

ಹಾಗಾದರೆ ಏನು ಮಾಡಬೇಕು? ಸರ್ಕಾರ ಮಾಡಬೇಕಾದದ್ದು ಬೇರೆ ಇದೆ. ತಮಿಳುನಾಡು ಸರ್ಕಾರ 2022ರಲ್ಲಿ ಆಕ್ರಮಣಕಾರಿ ಸಸ್ಯಗಳ ಕುರಿತು ಒಂದು ನೀತಿಯನ್ನೇ ಹೊರಡಿಸಿದೆ. ವ್ಯಾಟಲ್, ಲಾಂಟಾನ ತೆಗೆದು ನಾಟಿ ಕಾಡು ಮರಳಿಸುವ ಮಾತು ಅದರಲ್ಲಿದೆ. ಆ ಕೆಲಸ ಹುಲಿ ಓಡಾಡುವ ಕಡೆಗೆ ಮಾತ್ರ ಸೀಮಿತವಾಗದೆ, ತೋಟಗಳ ನಡುವಿನ ಸಣ್ಣ ಶೋಲಾಗಳಿಗೂ ತಲುಪಲಿ ಎಂದು ಒತ್ತಾಯಿಸೋಣ. ಶಾಲೆಗಳಲ್ಲಿ ನಾವು ಮಾಡಬಹುದಾದದ್ದಕ್ಕೆ ಯಾರ ಸುತ್ತೋಲೆಯೂ ಬೇಕಿಲ್ಲ:

ಒಂದು. ವನ್ಯಜೀವಿ ಸಪ್ತಾಹದ ಚಿತ್ರಸ್ಪರ್ಧೆಗೆ ಒಂದೇ ನಿಯಮ ಇಡಿ. ಮಗು ತನ್ನ ಊರಿನಲ್ಲಿ ಕಣ್ಣಾರೆ ಕಂಡ, ಅಂಗೈಗಿಂತ ದೊಡ್ಡದಲ್ಲದ ಜೀವಿಯನ್ನು ಬರೆಯಬೇಕು. ಕೆಳಗೆ ಅದರ ಹೆಸರನ್ನು ಮನೆಮಾತಿನಲ್ಲಿ ಬರೆಯಬೇಕು.

ಎರಡು. ಹೆಸರು ಗೊತ್ತಿಲ್ಲದಿದ್ದರೆ ಅಜ್ಜ ಅಜ್ಜಿಯನ್ನು ಕೇಳಿ ಬರಲಿ. ನಮ್ಮ ಬೆಟ್ಟದ ಸೋಲಿಗರ, ಊರಾಳಿಗಳ ಮಕ್ಕಳು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಾರೆ ಎಂದು ದೂರುವ ಶಿಕ್ಷಕರಿದ್ದಾರೆ. ಹಕ್ಕಿಯ ಕೂಗಿನ ಪಾಠ ಇಟ್ಟು ನೋಡಿ, ಆ ದಿನ ಮುಂದಿನ ಬೆಂಚು ಯಾರದ್ದಾಗುತ್ತದೆ ಎಂದು. ಸೋಲಿಗರ ಹಕ್ಕಿಹೆಸರುಗಳನ್ನು ಸಂಶೋಧಕರು ಬಂದು ಬರೆದುಕೊಂಡು ಹೋಗಿದ್ದಾರೆ. ಅವರ ಮಕ್ಕಳು ಓದುವ ಶಾಲೆಯ ಗೋಡೆಯ ಮೇಲೂ ಅವು ಇರಬೇಡವೇ?

ಮೂರು. ಊಟಿ ಪ್ರವಾಸದಲ್ಲಿ ಒಂದು ಗಂಟೆ ಶೋಲಾಕ್ಕೆ ಮೀಸಲಿಡಿ. ಬಂಡೀಪುರದಿಂದ ತೆಪ್ಪಕಾಡಿನವರೆಗೆ ಕಿಟಕಿಗೆ ಮೂಗೊತ್ತಿ "ಹುಲಿ ಎಲ್ಲಿ, ಹುಲಿ ಎಲ್ಲಿ" ಎಂದು ಹುಡುಕಿ, ಕಾಣದೆ, ಮುಖ ಸಣ್ಣ ಮಾಡಿಕೊಂಡು, ಮೇಲೆ ಹೋಗಿ ಚಾಕಲೇಟು, ವರ್ಕಿ ಕೊಂಡು ತಿರುಗಿ ಬರುವ ಪ್ರವಾಸ ಸಾಕು. ಅರಣ್ಯ ಇಲಾಖೆಯ ಅನುಮತಿ ಪಡೆದು, ಅನುಮತಿ ಇರುವ ಜಾಗದ ಅಂಚಿನಲ್ಲಿ, ಬೆಳಗಿನ ಹೊತ್ತು ಐದು ನಿಮಿಷ ಮಕ್ಕಳನ್ನು ಸುಮ್ಮನೆ ನಿಲ್ಲಿಸಿ. ಹಕ್ಕಿ ಕಾಣದಿದ್ದರೂ ಸರಿ, ಎಷ್ಟು ಬಗೆಯ ದನಿ ಕೇಳಿಸಿತು ಎಂದು ಬರೆಯಲಿ. ಮೊಬೈಲಿನಲ್ಲಿ ಧ್ವನಿ ಹಾಕಿ ಹಕ್ಕಿಯನ್ನು ಕರೆಯುವ ಚಾಳಿ ಮಾತ್ರ ಬೇಡ, ಗೂಡಿನ ಕಾಲದಲ್ಲಿ ಅದು ಅವಕ್ಕೆ ಹಿಂಸೆ.

ನಾಲ್ಕು. ಭಾಷಣದ ಆ ಕೊನೆಯ ಸಾಲನ್ನು ತಿದ್ದಿಸಿ. "ಹುಲಿ ಉಳಿದರೆ ಹುಲಿಯ ಕಾಡು ಉಳಿಯುತ್ತದೆ. ಶೋಲಾ ಉಳಿಯಬೇಕಾದರೆ ಶೋಲಾವನ್ನೇ ಉಳಿಸಬೇಕು" ಎಂದು ಮಗು ಹೇಳಲಿ. ಚಪ್ಪಾಳೆ ಸ್ವಲ್ಪ ಕಡಿಮೆ ಬೀಳಬಹುದು. ತೀರ್ಪುಗಾರರ ಕುರ್ಚಿಯಲ್ಲಿ ಕೂರುವವರು ನಾವೇ ತಾನೇ? ಸ್ಟೀಲ್ ಲೋಟ ಆ ಮಗುವಿಗೇ ಕೊಟ್ಟರಾಯಿತು.

ಮುಂದಿನ ವನ್ಯಜೀವಿ ಸಪ್ತಾಹಕ್ಕೆ ನಿಮ್ಮ ಶಾಲೆಯಲ್ಲಿ ಏನು ಮಾಡುತ್ತೀರಿ ಎಂದು ಬರೆದು ತಿಳಿಸಿ. ನಿಮ್ಮೂರಿನ ಹಕ್ಕಿಗಳಿಗೆ ನಿಮ್ಮ ಕಡೆಯ ಕನ್ನಡದಲ್ಲಿ ಏನೆನ್ನುತ್ತಾರೆ ಎಂಬುದನ್ನೂ ಮರೆಯದೆ ಬರೆಯಿರಿ. ಕಾಸರಗೋಡಿನ ಹೆಸರು, ಮಡಕಶಿರೆಯ ಹೆಸರು, ಸೊಲ್ಲಾಪುರದ ಹೆಸರು ಎಲ್ಲವೂ ಬರಲಿ. ಒಂದೇ ಹಕ್ಕಿಗೆ ನಾಲ್ಕು ಹೆಸರು ಬಂದರೆ ನಾಲ್ಕನ್ನೂ ಪಟ್ಟಿಯಲ್ಲಿ ಹಾಕುತ್ತೇವೆ. ಯಾವುದು ಶುದ್ಧ, ಯಾವುದು ಅಶುದ್ಧ ಎಂಬ ಜಗಳ ಬೇಡ.